ದುಃಖಕ್ಕೆ ಎರಡು ಚುಕ್ಕೆ

ಕೊನೆಯ ಸಾಧಾರಣ ದಿನ ನಾನು ಒಬ್ಬರ ಹಾಲನ್ನು ವಾಪಸು ಕಳಿಸಿದೆ.

ಪುಂಜಾಲಕಟ್ಟೆಯಿಂದ ಸ್ವಲ್ಪ ಒಳಗೆ ನಮ್ಮೂರಿನ ಹಾಲಿನ ಸೊಸೈಟಿ ಇದೆ. ಹತ್ತನೇ ತರಗತಿ ಮುಗಿಸಿ ಕೆಲವು ವರ್ಷ ಬೀಡಿ ಕಟ್ಟಿ, ಮದುವೆಯಾದ ಮೇಲೆ ಅಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸಕ್ಕೆ ಸೇರಿದವಳು ನಾನು. ಜನ ತಂದ ಹಾಲನ್ನು ಕಲಕಿ, ಉದ್ದನೆಯ ಗ್ಲಾಸಿಗೆ ಹೊಯ್ದು, ಅದರೊಳಗೆ ಲ್ಯಾಕ್ಟೋಮೀಟರ್ ಬಿಡಬೇಕು. ಅದೊಂದು ಗಾಜಿನ ಬುರುಡೆ. ಹಾಲು ಚೆನ್ನಾಗಿದ್ದರೆ ತೇಲಿ ನಿಲ್ಲುತ್ತದೆ, ನೀರು ಬೆರೆತಿದ್ದರೆ ಕೆಳಗೆ ಇಳಿಯುತ್ತದೆ. ಆದರೆ ಬುರುಡೆ ಇಳಿಯುವ ಮೊದಲೇ ನನಗೆ ಗೊತ್ತಾಗುತ್ತಿತ್ತು. ನೀರು ಬೆರೆಸಿದವರು ಕ್ಯಾನ್ ಕೆಳಗಿಡುವ ಮೊದಲೇ ಮಾತು ಶುರು ಮಾಡುತ್ತಾರೆ. ದನಕ್ಕೆ ಹುಷಾರಿಲ್ಲ, ಹುಲ್ಲು ಬದಲಾಗಿದೆ, ಕರು ಸರಿಯಾಗಿ ಕುಡಿಯುತ್ತಿಲ್ಲ. ನಾನು ಕೇಳಿಯೇ ಇರುವುದಿಲ್ಲ. ಕೇಳದೆ ಬಂದ ವಿವರ ಕಂಡರೆ ನನಗೆ ಸಂಶಯ. ಇದು ಕೆಲಸದಿಂದ ಬಂದ ಗುಣವೋ ಹುಟ್ಟಿನಿಂದ ಬಂದದ್ದೋ ಗೊತ್ತಿಲ್ಲ.

ಆ ದಿನ ನಮ್ಮ ನೆರೆಮನೆಯ ದೇವಕಿಯಕ್ಕ ಕ್ಯಾನ್ ಇಡುತ್ತಲೇ, ದನ ನಿನ್ನೆ ತುಂಬ ನೀರು ಕುಡಿದಿದೆ ಎಂದರು. ಬುರುಡೆ ಇಳಿಯಿತು.

“ದನ ಕುಡಿದ ನೀರು ಹಾಲಿಗೆ ಹೀಗೆ ಬರುದಿಲ್ಲ ಅಕ್ಕ,” ಎಂದೆ. “ಕೊಡಪಾನ ಕುಡಿದದ್ದು ಬರ್ತದೆ.”

ಸಾಲಿನಲ್ಲಿದ್ದವರು ನಕ್ಕರು. ದೇವಕಿಯಕ್ಕ ಕ್ಯಾನ್ ಎತ್ತಿಕೊಂಡು ಹೊರಡುವಾಗ, ನಿನ್ನನ್ನೂ ಒಬ್ಬರು ಹೀಗೇ ಅಳೆಯುವ ದಿನ ಬರ್ತದೆ ಎಂದು ಹೇಳಿ ಹೋದರು. ನಾನೂ ನಕ್ಕೆ. ಚಪ್ಪಲಿಯ ಪಟ್ಟಿ ಪಾದದೊಳಗೆ ಹೂತು ಗುರುತು ಮಾಡಿತ್ತು. ನಿಂತು ನಿಂತು ಕಾಲು ಬೀಗಿದೆ ಎಂದುಕೊಂಡೆ. ಹಾಲಿನ ವಾಸನೆಗೆ ಹೊಟ್ಟೆ ತೊಳೆಸಿತು. ಸೆಕೆ ಎಂದುಕೊಂಡೆ. ಎಲ್ಲರ ಹಾಲಿನ ಮೇಲೆ ಸಂಶಯ ಪಟ್ಟವಳಿಗೆ ತನ್ನ ಮೈಯ ಮೇಲೆ ಸಂಶಯ ಬರಲಿಲ್ಲ.

ಮರುದಿನ ಬೆಳಿಗ್ಗೆ ಮೂರನೆಯವರ ಹಾಲು ಕಲಕುವಾಗ ನಾನು ಕುಸಿದು ಬಿದ್ದೆ. ಎಚ್ಚರವಾದಾಗ ಸೀರೆಯೆಲ್ಲ ಹಾಲು.

ದೊಡ್ಡ ಆಸ್ಪತ್ರೆಯಲ್ಲಿ ಮೂರು ದಿನ ಪರೀಕ್ಷೆಗಳಾದವು. ಮೂರನೆಯ ದಿನ ಹೊರಗಿನ ಬೆಂಚಿನಲ್ಲಿ ಟೋಕನ್ ಹಿಡಿದು ನಾವಿಬ್ಬರೂ ಕುಳಿತಿದ್ದೆವು. ನಮಗೆ ಮಕ್ಕಳಿಲ್ಲ, ಎಲ್ಲಿಗೆ ಹೋದರೂ ನಾವಿಬ್ಬರೇ. ಇವರು, ಎಂದರೆ ನನ್ನ ಗಂಡ ಸದಾನಂದ, ಬಿ.ಸಿ.ರೋಡಿಗೂ ಬೆಳ್ತಂಗಡಿಗೂ ಓಡಾಡುವ ಬಸ್ಸಿನ ಕಂಡಕ್ಟರ್. ಬಸ್ಸಿನಲ್ಲಿ ಎಷ್ಟು ಮಾತೋ ಮನೆಯಲ್ಲಿ ಅಷ್ಟು ಮೌನ. ನನ್ನ ಹೆಸರು ಕರೆದರು. ನಾನು ಏಳುವಷ್ಟರಲ್ಲಿ ನರ್ಸ್, ನೀವಲ್ಲ, ಗಂಡ ಮಾತ್ರ ಬರಲಿ ಎಂದಳು.

ಬಾಗಿಲು ಮುಚ್ಚಿತು. ನನ್ನ ಎದುರಿಗೆ ಕುಳಿತಿದ್ದ ಹೆಂಗಸು ನನ್ನ ಮುಖ ನೋಡಿ ಕಣ್ಣು ತಗ್ಗಿಸಿದಳು. ನನ್ನ ಹೆಸರಿನ ಮೇಲೆ ಬೇರೆಯವರು ಒಳಗೆ ಹೋದದ್ದು ಅದೇ ಮೊದಲು.

ಇವರು ಹೊರಗೆ ಬಂದು ಹೇಳಿದ ಮಾತು ಹೀಗಿತ್ತು: ರಕ್ತ ಸ್ವಲ್ಪ ಕಡಿಮೆ ಅಂತೆ, ಟಾನಿಕ್ ಕೊಡುತ್ತಾರಂತೆ, ಕಾಲಿನ ಬೀಗು ತಾನಾಗಿ ಇಳಿಯುತ್ತದಂತೆ, ಡಾಕ್ಟರು ತುಂಬ ಒಳ್ಳೆಯವರು, ಅವರ ಅತ್ತೆಮನೆ ವಗ್ಗದ ಹತ್ತಿರವಂತೆ. ನಾನು ಒಂದನ್ನೂ ಕೇಳಿರಲಿಲ್ಲ. ಬುರುಡೆ ತಳ ಮುಟ್ಟಿತು.

ಶೌಚಕ್ಕೆ ಹೋಗುತ್ತೇನೆಂದು ಹೇಳಿ ಫೈಲು ಹಿಡಿದುಕೊಂಡು ರಕ್ತ ತೆಗೆಯುವ ಕೋಣೆಗೆ ಹೋದೆ. ಅಲ್ಲಿದ್ದ ಹುಡುಗಿ ನನ್ನನ್ನು ರೋಗಿಯ ಅಕ್ಕನೋ ತಂಗಿಯೋ ಎಂದುಕೊಂಡಳೋ ಏನೋ, ಫೈಲು ನೋಡಿ, ಎರಡೂ ಕಿಡ್ನಿ ಹೋಗಿದೆ, ಇನ್ನು ಡಯಾಲಿಸಿಸ್ ಶುರು ಮಾಡಬೇಕು ಎಂದಳು. ಆಮೇಲೆ ನನ್ನ ಮುಖ ನೋಡಿ ನಾಲಿಗೆ ಕಚ್ಚಿಕೊಂಡಳು. ಅವಳಿಗೆ ನಾನು ಇವತ್ತಿಗೂ ಋಣಿ. ನೀರು ಹಾಕದೆ ಕೊಟ್ಟಳು.

ಹೊರಗೆ ಬಂದು ಇವರ ಪಕ್ಕದಲ್ಲಿ ಕುಳಿತೆ. ಎಷ್ಟು ದಿನ ಬದುಕುತ್ತೇನಂತೆ ಎಂದು ಕೇಳಿದೆ. ಇವರು ಟೋಕನನ್ನು ನಾಲ್ಕು ಮಡಿಕೆ ಮಾಡಿದರು. ಆ ದಿನದಿಂದ ಇವರು ಫೋನ್ ಹಿಡಿದು ಅಂಗಳಕ್ಕೆ ಇಳಿದರೂ ನನಗೆ ಸಂಶಯ, ಇಳಿಯದಿದ್ದರೂ ಸಂಶಯ.

ನೋಡಲು ಬಂದವರೂ ಹಾಗೆಯೇ. ನಮ್ಮ ಕಡೆ ರೋಗಿಯನ್ನು ನೋಡಲು ಬರುವವರು ಬೊಂಡ, ಎಂದರೆ ಎಳನೀರು, ತರುತ್ತಾರೆ, ಬಾಳೆಹಣ್ಣು ತರುತ್ತಾರೆ. ಕಿಡ್ನಿ ಹೋದವರಿಗೆ ಎಳನೀರೂ ಬಾಳೆಹಣ್ಣೂ ವಿಷದ ಹಾಗೆ ಎಂದು ನಮಗೆ ಹೇಳಿ ಕಳಿಸಿದ್ದರು. ನಮ್ಮ ಜಗಲಿಯಲ್ಲಿ ಬೊಂಡದ ರಾಶಿ ಬೆಳೆಯಿತು. ಬಂದವರು ಏನೂ ಆಗುವುದಿಲ್ಲ ಎಂದು ಹೇಳಿ ಚಹಾ ಕುಡಿದು ಎದ್ದು, ಗೇಟು ದಾಟಿದ ಮೇಲೆ ತಲೆಗೆ ತಲೆ ಕೊಟ್ಟು ಮಾತಾಡುವುದು ಕಿಟಕಿಯಿಂದ ಕಾಣುತ್ತಿತ್ತು. ದೇವಕಿಯಕ್ಕ ಅತ್ತರು. ಆ ಅಳುವನ್ನೂ ನಾನು ಅಳೆದು ನೋಡಿದೆ.

ಮೊದಲು ಕುತ್ತಿಗೆಗೆ ನಳಿಗೆ ಹಾಕಿದರು. ಆಮೇಲೆ ಎಡಗೈಯ ನರಗಳನ್ನು ಸೇರಿಸಿ ಹೊಲಿದರು. ಈಗಲೂ ಅಲ್ಲಿ ಬೆರಳಿಟ್ಟರೆ ಚರ್ಮದ ಕೆಳಗೆ ಜೇನುನೊಣ ಗುಂಯ್ಗುಟ್ಟಿದ ಹಾಗೆ ಆಗುತ್ತದೆ. ಮಂಗಳವಾರ, ಗುರುವಾರ, ಶನಿವಾರ ಬಂಟ್ವಾಳದಲ್ಲಿ ಡಯಾಲಿಸಿಸ್. ಇವರು ತಮ್ಮ ಡ್ಯೂಟಿಯನ್ನು ಬೆಳಗ್ಗಿನ ಮೊದಲ ಬಸ್ಸಿಗೆ ಬದಲಾಯಿಸಿಕೊಂಡರು. ನಾನು ಅದೇ ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟಿನಲ್ಲಿ ಹೋಗಬೇಕು. ಅದನ್ನು ಪ್ರೀತಿ ಎಂದು ಈಗ ಹೇಳುತ್ತೇನೆ. ಆಗ ಕಾವಲು ಎಂದುಕೊಂಡಿದ್ದೆ.

ಆ ಕೋಣೆಗೆ ಹೋದ ಕೂಡಲೇ ತೂಕದ ಯಂತ್ರದ ಮೇಲೆ ನಿಲ್ಲಿಸುತ್ತಾರೆ. ನಮ್ಮಂಥವರ ಮೈಯಲ್ಲಿ ಕುಡಿದ ನೀರು ಹೊರಗೆ ಹೋಗದೆ ನಿಲ್ಲುತ್ತದೆ. ಕಳೆದ ಸಲಕ್ಕಿಂತ ಎಷ್ಟು ತೂಕ ಏರಿದೆಯೋ ಅಷ್ಟು ನೀರು. ಸಿಸ್ಟರ್ ಓದಿ ಬರೆದುಕೊಳ್ಳುತ್ತಾರೆ. ಮೊದಲ ವಾರವೇ ಅವರು ನನಗೆ, “ಕುಸುಮಕ್ಕ, ಹೇಳಿದ್ದಕ್ಕಿಂತ ಹೆಚ್ಚು ನೀರು ಕುಡಿದಿದ್ದೀರಿ,” ಎಂದರು. ನಾನು, ಇಲ್ಲ ಸಿಸ್ಟರ್, ಗಂಜಿಯಲ್ಲಿ ತೆಳಿನೀರು ಜಾಸ್ತಿ ಇತ್ತು, ಸೆಕೆಯೂ ಇತ್ತು, ಮಾತ್ರೆ ನುಂಗಲು ಎರಡು ಗುಟುಕು ಬೇಕಾಯಿತು ಎಂದೆ. ಹೇಳುತ್ತಿರುವಾಗಲೇ ನನ್ನ ಸ್ವರ ನನಗೆ ಗುರುತು ಸಿಕ್ಕಿತು. ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡು ಚೆಂಬಿನಿಂದ ಕುಡಿದಿದ್ದೆ. ದೇವಕಿಯಕ್ಕನ ಮಾತು ನೆನಪಾಯಿತು.

ನನ್ನದು ಮೂರನೇ ಮಂಚ. ಮೊದಲನೆಯದರಲ್ಲಿ ನರಿಕೊಂಬಿನ ಮೋನಾಕ ಇದ್ದರು, ಸೈಕಲ್ಲಿನಲ್ಲಿ ಒಣಮೀನು ಮಾರುತ್ತಿದ್ದವರು. ಸೂಜಿ ಚುಚ್ಚುವಾಗೆಲ್ಲ, ಸ್ವಲ್ಪ ನಿಧಾನ ಮಗಳೇ, ಮೀನಿಗೂ ಇಷ್ಟು ಜೋರಾಗಿ ಗಾಳ ಹಾಕುವುದಿಲ್ಲ ಎನ್ನುತ್ತಿದ್ದರು. ನಾಲ್ಕನೆಯದರಲ್ಲಿ ಸುಗುಣ ಟೀಚರ್. ಶಿರ್ತಾಡಿಯ ಕಡೆ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಮೂಡಬಿದ್ರೆಯಲ್ಲಿ ತಂಗಿಯ ಜೊತೆ ಇದ್ದರು. ಅಲ್ಲಿ ಹತ್ತಿರದಲ್ಲಿ ಡಯಾಲಿಸಿಸ್ಸಿಗೆ ಜಾಗ ಸಿಗದೆ ಸಿದ್ದಕಟ್ಟೆಯ ಬಸ್ಸು ಹಿಡಿದು ಇಷ್ಟು ದೂರ ಬರುತ್ತಿದ್ದರು. ನೆಟ್ಟಗೆ ನಡೆಯುವವರು. ಕೊಡೆಯನ್ನೂ ಊರುತ್ತಿರಲಿಲ್ಲ, ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದರು. ನಾವು ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆದಿದ್ದೇನೆ, ಹಾಗೆ ಬರೆಯಲು ಕಲಿಸಿದ್ದೂ ಅವರೇ.

ಅವರ ಎದೆಯ ಮೇಲೆ ಒಂದು ಸಣ್ಣ ಪುಸ್ತಕ ಇರುತ್ತಿತ್ತು, ಹೊದಿಕೆ ಕಿತ್ತು ಹೋಗಿ ಕ್ಯಾಲೆಂಡರ್ ಕಾಗದದ ಬೈಂಡು ಹಾಕಿದ್ದು. ಯಂತ್ರ ತಿರುಗುವ ನಾಲ್ಕು ಗಂಟೆಯಲ್ಲಿ ಅವರು ಅದನ್ನು ನೋಡಿ ತುಟಿಯಲ್ಲೇ ಏನೋ ಹೇಳುತ್ತಿದ್ದರು. ಒಮ್ಮೊಮ್ಮೆ ನನ್ನ ಕಡೆ ತಿರುಗಿ ಹೇಳುತ್ತಿದ್ದರು. ಅವರು ಕ್ರಿಶ್ಚಿಯನ್ನರು ಎಂದು ಗೊತ್ತಿತ್ತು. ನನ್ನ ಮೇಲೆ ಏನೋ ಮಂತ್ರಿಸುತ್ತಿದ್ದಾರೆ ಎಂದುಕೊಂಡೆ. ಕಾಯಿಲೆ ಬಿದ್ದವರನ್ನು ನೋಡಿ ತಮ್ಮ ಕಡೆ ಎಳೆಯುತ್ತಾರೆ ಎಂದು ಬಸ್ಸಿನಲ್ಲಿ ಕೇಳಿದ ಮಾತುಗಳೆಲ್ಲ ನೆನಪಾದವು. ಎರಡು ವಾರ ನಾನು ಆಚೆ ಗೋಡೆಗೆ ಮುಖ ಮಾಡಿ ಮಲಗಿದೆ. ಮೂರನೆಯ ವಾರ ಕೇಳಿಯೇಬಿಟ್ಟೆ.

“ಟೀಚರ್, ನನ್ನ ಮೇಲೆ ಎಂಥ ಹೇಳ್ತಾ ಇದ್ದೀರಿ?”

“ನಿಮ್ಮ ಮೇಲೆ ಅಲ್ಲ ಮಾರಾಯ್ತಿ. ಕೀರ್ತನೆ ಓದುತ್ತಾ ಇದ್ದೇನೆ.”

ನಮ್ಮ ಭಜನಾ ಮಂದಿರದಲ್ಲಿ ಶುಕ್ರವಾರ ಕೀರ್ತನೆ ಹಾಡುತ್ತೇವೆ, ತಾಳ ಹಾಕಿ, ಎದ್ದು ಕುಣಿದು. ಕೀರ್ತನೆಗೆ ಸ್ವರವೇ ಇಲ್ಲವಲ್ಲ ಎಂದೆ. ಟೀಚರ್ ನಕ್ಕು, ಸ್ವಲ್ಪ ಗಟ್ಟಿಯಾಗಿ ಓದಿದರು. ಅದರಲ್ಲಿ ಒಬ್ಬ ಹಾಸಿಗೆ ಹಿಡಿದಿದ್ದಾನೆ. ನೋಡಲು ಬಂದವರು ಒಳಗೆ ಪೊಳ್ಳು ಮಾತಾಡಿ, ಹೊರಗೆ ಹೋಗಿ ಇವನು ಇನ್ನು ಏಳುವುದಿಲ್ಲ ಎಂದು ಪಿಸುಗುಟ್ಟುತ್ತಾರೆ. ಅದನ್ನೆಲ್ಲ ಅವನು ದೇವರಿಗೆ ಒಂದೊಂದಾಗಿ ಹೇಳುತ್ತಾನೆ. ನಮ್ಮ ಗೇಟಿನ ಹೊರಗೆ ತಲೆಗೆ ತಲೆ ಕೊಟ್ಟು ನಿಂತವರನ್ನು ಇವನಿಗೆ ತೋರಿಸಿದವರು ಯಾರು?

“ಇದು ಕೀರ್ತನೆಯಾ? ಇವನು ದೇವರ ಹತ್ತಿರ ಜಗಳಕ್ಕೆ ನಿಂತ ಹಾಗೆ ಉಂಟು.”

“ಹೌದು. ನಿಮ್ಮಲ್ಲಿ ದೈವದ ಮುಂದೆ ನಿಂತು ದೂರು ಕೊಡ್ತೀರಲ್ಲ, ಅದೇ ಇದು. ಹೀಬ್ರೂ ಭಾಷೆಯವರು ಸಾವಿರಾರು ವರ್ಷ ಹಿಂದೆ ಕೊಟ್ಟ ದೂರು. ಕನ್ನಡಕ್ಕೆ ತಂದವರು ಕೀರ್ತನೆ ಅಂತ ಮರ್ಯಾದೆಯ ಹೆಸರು ಇಟ್ಟುಬಿಟ್ಟರು.”

ದೂರು ಎಂದರೆ ನನಗೆ ಅರ್ಥವಾಗುತ್ತದೆ. ನಮ್ಮಲ್ಲಿ ಅನ್ಯಾಯವಾದರೆ ಊರು ಕಾಯುವ ದೈವದ ಎದುರು ನಿಂತು ಹೇಳುತ್ತೇವೆ. ನಿನ್ನನ್ನು ನಂಬಿದ್ದೇವೆ, ನೀನು ಇದ್ದೂ ಹೀಗೆ ಆಯಿತಲ್ಲ ಎಂದು ನೇರವಾಗಿ ಕೇಳುತ್ತೇವೆ. ಆದರೂ ನನ್ನ ಸಂಶಯ ಪೂರ್ತಿ ಹೋಗಲಿಲ್ಲ. ನನ್ನನ್ನು ನಿಮ್ಮ ಕಡೆಗೆ ಸೇರಿಸುವ ಯೋಚನೆ ಉಂಟಾ ಎಂದು ಬಾಯಿಬಿಟ್ಟು ಕೇಳಿದೆ.

“ನಿಮ್ಮನ್ನು ಸೇರಿಸಿ ನನಗೆ ಎಂಥ ಸಿಗ್ತದೆ?” ಎಂದರು ಟೀಚರ್. “ನಮ್ಮ ಕಡೆ ಬಂದ್ರೂ ಕುಡಿಯಲು ನೀರು ಕೊಡುದಿಲ್ಲ.”

ಮೊದಲ ಮಂಚದಿಂದ ಮೋನಾಕ ಜೋರಾಗಿ ನಕ್ಕರು. ಅವರ ಯಂತ್ರ ಕೂಗಿ, ಸಿಸ್ಟರ್ ಓಡಿ ಬಂದರು.

ಪುಸ್ತಕವನ್ನು ಟೀಚರ್ ನನಗೆ ಕೊಡಲಿಲ್ಲ. ಕಾಲ ಸರಿ ಇಲ್ಲ, ನಿಮ್ಮ ಚೀಲದಲ್ಲಿ ಇದನ್ನು ಯಾರಾದರೂ ಕಂಡರೆ ನಿಮಗೂ ಕಷ್ಟ, ನನಗೂ ಕಷ್ಟ ಎಂದರು. ಬೇಕಾದರೆ ಉಕ್ತಲೇಖನ ಬರೆಯಿರಿ, ನಾನು ಹೇಳುತ್ತೇನೆ. ಎಡಗೈಯಲ್ಲಿ ಸೂಜಿ, ಬಲಗೈ ಖಾಲಿ. ಒಂದು ನೋಟುಪುಸ್ತಕ ತಂದು ನಲವತ್ತಾರನೇ ವಯಸ್ಸಿನಲ್ಲಿ ನಾನು ಉಕ್ತಲೇಖನ ಬರೆದೆ. ಟೀಚರ್ ಅದನ್ನು ಎತ್ತಿ ಹಿಡಿದು, ಕೆಂಪು ಪೆನ್ನಿನಿಂದ ತಿದ್ದಿ ಕೊಡುತ್ತಿದ್ದರು. ಮೊದಲ ಪುಟದಲ್ಲೇ ನಾನು ದುಕ್ಕ ಎಂದು ಬರೆದಿದ್ದೆ.

“ದುಃಖಕ್ಕೆ ಎರಡು ಚುಕ್ಕೆ ಉಂಟು,” ಎಂದರು. “ಅಲ್ಲಿ ಉಸಿರು ಬಿಡಬೇಕು. ನೀವು ಉಸಿರೇ ಬಿಡದೆ ಬರೆದಿದ್ದೀರಿ.”

ಒಂದು ಶನಿವಾರ ಮೋನಾಕನ ಮಂಚ ಖಾಲಿ ಇತ್ತು. ಹಿಂದಿನ ದಿನ ತೀರಿಹೋದರು ಎಂದು ಸಿಸ್ಟರ್ ಹೇಳಿದರು. ಆ ದಿನ ಸುಮ್ಮನೆ ಮುಗಿಸಿ ಬಂದೆ. ಆದರೆ ಮಂಗಳವಾರ ಬೆಳಿಗ್ಗೆ ನಾನು ಏಳಲಿಲ್ಲ. ಜ್ವರ ಎಂದೆ. ಗುರುವಾರವೂ ಹೋಗಲಿಲ್ಲ. ನಗಿಸುತ್ತಿದ್ದ ಮನುಷ್ಯ ತಪ್ಪದೆ ಬಂದೂ ಹೋದ ಮೇಲೆ ನಾನು ಬರುವುದರ ಅರ್ಥವೇನು ಎಂದು ಯಾರನ್ನು ಕೇಳಬೇಕೋ ತಿಳಿಯಲಿಲ್ಲ. ಇವರು ಬಾಗಿಲಲ್ಲಿ ನಿಂತು ಎರಡು ಸಲ ಕರೆದು ಬಸ್ಸಿಗೆ ಹೊತ್ತಾಯಿತೆಂದು ಹೋದರು. ಶುಕ್ರವಾರ ಮಧ್ಯಾಹ್ನ ಉಸಿರು ಸಿಕ್ಕಿಕೊಂಡಿತು. ನೀರು ಶ್ವಾಸಕೋಶಕ್ಕೆ ಏರಿತ್ತು. ಮಲಗಿದರೆ ಮುಳುಗಿದ ಹಾಗೆ, ಕುಳಿತರೆ ಕುತ್ತಿಗೆಯವರೆಗೆ ನೀರಿನಲ್ಲಿ ನಿಂತ ಹಾಗೆ. ಇವರು ಬಸ್ಸನ್ನು ಅರ್ಧ ದಾರಿಯಲ್ಲಿ ಬಿಟ್ಟು ಬಂದು, ನೆರೆಮನೆಯವರ ಜೀಪಿನಲ್ಲಿ ನನ್ನನ್ನು ಹಾಕಿಕೊಂಡು ಹೋದರು. ಓಡಿಸಿದ್ದು ದೇವಕಿಯಕ್ಕನ ಗಂಡ. ನನ್ನ ಬೆನ್ನು ಹಿಡಿದು ಕುಳಿತದ್ದು ದೇವಕಿಯಕ್ಕ.

ಬದುಕಿಕೊಂಡೆ. ಮುಂದಿನ ಮಂಗಳವಾರ ಟೀಚರ್ ನನ್ನ ಹತ್ತಿರ ಒಂದು ಗಂಟೆ ಮಾತಾಡಲಿಲ್ಲ. ಆಮೇಲೆ ತಾವಾಗಿಯೇ ಪುಸ್ತಕ ತೆರೆದು, ನೀರು ಕುತ್ತಿಗೆಗೆ ಬಂದಿದೆ, ಕಾಲೂರಲು ನೆಲ ಸಿಗುತ್ತಿಲ್ಲ, ಕೂಗಿ ಕೂಗಿ ಗಂಟಲು ಒಣಗಿದೆ ಎಂದು ಒಬ್ಬ ಹೇಳುವ ದೂರನ್ನು ಬರೆಸಿದರು. ನೀರಿನೊಳಗೆ ಮುಳುಗಿಯೂ ಗಂಟಲು ಒಣಗುವುದು ಡಯಾಲಿಸಿಸ್ಸಿನವರಿಗೆ ಮಾತ್ರ ಗೊತ್ತು ಎಂದುಕೊಂಡಿದ್ದೆ. ನನ್ನ ಕೈ ನಿಂತಿತು.

“ಇವನು ದೂರು ಕೊಡಲಾದರೂ ಬಂದ,” ಎಂದರು ಟೀಚರ್. “ನೀವು ಬರಲೇ ಇಲ್ಲ. ಜಗಳ ಬೇಕಾದ್ರೆ ಇಲ್ಲಿ ಬಂದು ಮಾಡಿ. ಮನೆಯಲ್ಲಿ ಮಲಗಿದ್ರೆ ಯಾರಿಗೆ ಕೇಳ್ತದೆ?”

ತಪ್ಪಿಸುವುದಿಲ್ಲ ಎಂದು ಅವರು ನನ್ನಿಂದ ಮಾತು ತೆಗೆದುಕೊಂಡರು. ನಾನೂ ಒಂದು ಮಾತು ಕೇಳಿದೆ. ಎಲ್ಲರೂ ನನಗೆ ಸುಳ್ಳು ಹೇಳುತ್ತಾರೆ, ನೀವು ಹೇಳಬಾರದು ಎಂದೆ. ಅವರು ಕನ್ನಡಕ ಒರೆಸುತ್ತಾ ಹೂಂ ಎಂದರು.

ನೋಟುಪುಸ್ತಕ ಇವರ ಕಣ್ಣಿಗೆ ಬಿತ್ತು. ಪುಟ ತಿರುಗಿಸಿ, ಈ ಪ್ರಾಯದಲ್ಲಿ ಇದೆಲ್ಲ ಎಂಥದು, ಅವರು ನಿನ್ನನ್ನು ಏನಾದರೂ ಮಾಡುತ್ತಿದ್ದಾರಾ ಎಂದು ಕೇಳಿದರು. ಉಕ್ತಲೇಖನ ಎಂದೆ. ಒಪ್ಪಲಿಲ್ಲ. ಮುಂದಿನ ಶನಿವಾರ ಯೂನಿಫಾರ್ಮಿನಲ್ಲೇ ಒಳಗೆ ಬಂದು ಟೀಚರ ಮಂಚದ ಹತ್ತಿರ ನಿಂತರು. ಗದರಿಸಲು ಬಂದಿದ್ದಾರೆ ಎಂದು ನನಗೆ ಗೊತ್ತಾಯಿತು, ಟೀಚರಿಗೂ ಗೊತ್ತಾಯಿತು. ಅವರು ಇವರ ಕೈಯಲ್ಲಿದ್ದ ಟ್ರಿಪ್ ಶೀಟನ್ನು ತೆಗೆದುಕೊಂಡು, ಊರುಗಳ ಹೆಸರಿನಲ್ಲಿ ಎರಡು ತಪ್ಪು ತಿದ್ದಿ ವಾಪಸು ಕೊಟ್ಟರು. ಇವರು ಅದನ್ನು ಕಿಸೆಯಲ್ಲಿಟ್ಟುಕೊಂಡು, ಬರುತ್ತೇನೆ ಟೀಚರ್ ಎಂದು ಹೋದರು. ಅಲ್ಲಿಂದ ಅವರಿಬ್ಬರಿಗೂ ಪರಿಚಯ ಬೆಳೆಯಿತು. ನಾನು ನಿದ್ದೆ ಹೋದಾಗ ಏನೇನು ಮಾತಾಡುತ್ತಿದ್ದರೋ ನನಗೆ ಗೊತ್ತಿರಲಿಲ್ಲ.

ದೂರುಗಳನ್ನು ಬರೆಯುತ್ತಾ ಹೋದ ಹಾಗೆ ನನಗೆ ಒಂದು ವಿಷಯದಲ್ಲಿ ಸಂಶಯ ಹತ್ತಿತು. ಮೊದಲ ಸಾಲಿನಲ್ಲಿ ಎಷ್ಟು ದಿನ ನನ್ನನ್ನು ಮರೆತಿರುತ್ತೀ ಎಂದು ಅಳುವವನು ಕೊನೆಯ ಸಾಲಿನಲ್ಲಿ ದೇವರನ್ನು ಹಾಡಿ ಹೊಗಳುತ್ತೇನೆ ಎನ್ನುತ್ತಾನೆ. ನಡುವೆ ಏನೂ ಆಗಿರುವುದಿಲ್ಲ. ಕಾಯಿಲೆ ವಾಸಿಯಾಗಿರುವುದಿಲ್ಲ, ಪಿಸುಗುಟ್ಟುವವರು ಹೋಗಿರುವುದಿಲ್ಲ.

“ಇದರಲ್ಲಿ ಯಾರೋ ನೀರು ಬೆರೆಸಿದ್ದಾರೆ ಟೀಚರ್,” ಎಂದೆ.

ಅವರಿಗೂ ಅದೇ ಪ್ರಶ್ನೆ ಇತ್ತಂತೆ, ಸಣ್ಣ ಪ್ರಾಯದಿಂದ. ಪಾದ್ರಿಗಳನ್ನು ಕೇಳಿದರೆ ನಂಬಿಕೆ ಎನ್ನುತ್ತಿದ್ದರಂತೆ. ನಂಬಿಕೆ ಎಂಬ ಮಾತು ಅವರಿಗೆ ಸಾಕಾಗಿರಲಿಲ್ಲ. ನಾನು ಎರಡು ದಿನ ಮನೆಯಲ್ಲಿ ಅದನ್ನೇ ಯೋಚಿಸಿದೆ. ಶನಿವಾರ ಹೋಗಿ ಮಲಗುವ ಮೊದಲೇ ಹೇಳಿದೆ.

“ಟೀಚರ್, ಅದು ಹೊಗಳಿಕೆ ಅಲ್ಲ. ಹರಕೆ.”

ನಮ್ಮಲ್ಲಿ ದೂರು ಕೊಟ್ಟವರು ಕೊನೆಗೆ ಹರಕೆ ಹೇಳಿಕೊಳ್ಳುತ್ತಾರೆ. ಇದನ್ನು ಸರಿ ಮಾಡಿಕೊಡು, ನಿನಗೆ ಇಂಥದ್ದು ಒಪ್ಪಿಸುತ್ತೇನೆ. ಆಗ ಇನ್ನೂ ಏನೂ ಸರಿಯಾಗಿರುವುದಿಲ್ಲ. ಹರಕೆ ಹೇಳಿಕೊಂಡವನು ಅದನ್ನು ತೀರಿಸಲಾದರೂ ಬದುಕಬೇಕು, ಅಷ್ಟೇ. ಈ ಹೀಬ್ರೂ ಜನರ ಹತ್ತಿರ ಕೊಡಲು ಬೇರೆ ಏನೂ ಇರಲಿಲ್ಲವೇನೋ, ಹಾಡುತ್ತೇನೆ ಎಂದು ಹೇಳಿಕೊಂಡಿದ್ದಾರೆ. ನೀರು ಬೆರೆತಿಲ್ಲ.

ಟೀಚರ್ ಪುಸ್ತಕ ಮುಚ್ಚಿ ಎದೆಯ ಮೇಲಿಟ್ಟುಕೊಂಡರು. ಆಮೇಲೆ, ಇಷ್ಟು ವರ್ಷ ನಾನು ಚರ್ಚಿನ ಕ್ವಾಯರಿನಲ್ಲಿ ಇದನ್ನು ಹಾಡಿದ್ದೇನೆ ಕುಸುಮ, ಅರ್ಥ ಇವತ್ತು ಗೊತ್ತಾಯಿತು ಎಂದರು. ಅವರು ನನ್ನನ್ನು ಅಕ್ಕ ಎನ್ನದೆ, ನೀವು ಎನ್ನದೆ ಬರೀ ಹೆಸರು ಹಿಡಿದು ಕರೆದದ್ದು ಆ ಒಂದು ಸಲ.

ಮುಂದಿನ ಗುರುವಾರ ಅವರು ಒಂದು ದೂರು ಬರೆಸಿದರು. ಅದರ ಕೊನೆಯಲ್ಲಿ ಹರಕೆ ಇಲ್ಲ. ಗೆಳೆಯರು ದೂರವಾಗಿದ್ದಾರೆ, ಉಳಿದದ್ದು ಕತ್ತಲೆ, ಅಲ್ಲಿಗೆ ಮುಗಿಯಿತು. ಪುಟ ತಪ್ಪಿದೆಯಾ ಎಂದು ಕೇಳಿದೆ. ಇಲ್ಲ, ಇಷ್ಟೇ, ಇವನಿಗೆ ಆ ದಿನ ಹರಕೆ ಹೇಳಿಕೊಳ್ಳುವಷ್ಟೂ ತ್ರಾಣ ಇರಲಿಲ್ಲ ಎಂದರು. ಆದರೂ ಇದನ್ನು ಉಳಿದವುಗಳ ಜೊತೆಗೇ ಇಟ್ಟಿದ್ದಾರಲ್ಲ ಎಂದರು. ಅಷ್ಟರಲ್ಲಿ ಅವರ ಯಂತ್ರ ನಿಂತಿತು. ಸುಸ್ತಾಗಿದ್ದರು. ಈ ಪುಟವನ್ನು ಶನಿವಾರ ತಿದ್ದುತ್ತೇನೆ ಎಂದು ಪೆನ್ನಿಗೆ ಮುಚ್ಚಳ ಹಾಕಿದರು.

ಶನಿವಾರ ನಾಲ್ಕನೇ ಮಂಚದಲ್ಲಿ ಬೇರೆಯವರು ಇದ್ದರು. ಸಿಸ್ಟರ್ ತೂಕ ಬರೆಯುತ್ತಾ, ಟೀಚರಿಗೆ ಮೂಡಬಿದ್ರೆಯಲ್ಲೇ ಜಾಗ ಸಿಕ್ಕಿತಂತೆ, ಇನ್ನು ಇಲ್ಲಿಗೆ ಬರುವುದಿಲ್ಲ ಎಂದರು. ನಾನು ಕೇಳಿರಲಿಲ್ಲ. ಮನೆಗೆ ಬಂದು ಇವರಿಗೆ ಹೇಳಿದರೆ, ಹೌದಂತೆ, ಒಳ್ಳೆಯದೇ ಆಯಿತು ಎಂದರು. ಫೋನ್ ಮಾಡಿದೆ, ಸ್ವಿಚ್ ಆಫ್. ಮೂರು ವಾರ ನಾನು ತಪ್ಪಿಸದೆ ಹೋದೆ. ಆದರೆ ಹೊಟ್ಟೆಯಲ್ಲಿ ಒಂದು ಬುರುಡೆ ಮೆಲ್ಲ ಮೆಲ್ಲ ಇಳಿಯುತ್ತಿತ್ತು.

ನಾಲ್ಕನೆಯ ವಾರ, ಒಂದು ಮಂಗಳವಾರ ಬೆಳಿಗ್ಗೆ, ಪುಂಜಾಲಕಟ್ಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದೆವು. ಇವರಿಗೆ ಆ ದಿನ ರಜೆ, ನನ್ನ ಜೊತೆ ಸುಮ್ಮನೆ ಬರುತ್ತಿದ್ದರು. ನಾನು ಏನೂ ಕೇಳದಿರುವಾಗಲೇ, ಮೊನ್ನೆ ಮೂಡಬಿದ್ರೆಗೆ ಹೋದಾಗ ಬಸ್‌ಸ್ಟ್ಯಾಂಡಿನಲ್ಲಿ ಟೀಚರನ್ನು ಕಂಡೆ, ಹಸಿರು ಸೀರೆ ಉಟ್ಟಿದ್ದರು, ಬರವಣಿಗೆ ಬಿಡಬೇಡ ಎಂದು ನಿನಗೆ ಹೇಳಲು ಹೇಳಿದರು ಎಂದರು.

“ಕೋಲು ಊರಿಕೊಂಡು ನಡೀತಿದ್ರಾ?” ಎಂದು ಕೇಳಿದೆ.

“ಹೂಂ, ಕೋಲು ಉಂಟು ಈಗ. ಮೊದಲಿನ ಹಾಗೆಯೇ ಕೋಲು.”

ಟೀಚರ್ ಯಾವತ್ತೂ ಕೋಲು ಹಿಡಿದವರಲ್ಲ.

ನಾನು ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಬಸ್ಸು ಬಂತು. ಇವರ ಜೊತೆಗಾರ ಕಂಡಕ್ಟರ್, ಅಕ್ಕ ಹತ್ತಿ, ಹತ್ತಿ ಎಂದ. ನಾನು ಏಳಲಿಲ್ಲ. ಇವರು ಕೈ ಹಿಡಿದರು. ಬಿಡಿಸಿಕೊಂಡೆ.

“ನೀವು ಹೇಳುವವರೆಗೆ ನಾನು ಹತ್ತುದಿಲ್ಲ. ಇವತ್ತೂ ಇಲ್ಲ, ಗುರುವಾರವೂ ಇಲ್ಲ.”

ಬಸ್ಸು ಹೋಯಿತು. ಹಿಂದೊಮ್ಮೆ ನಾನು ಮಲಗಿ ತಪ್ಪಿಸಿದ ಎರಡು ಸರದಿ ಇವರಿಗೆ ಮರೆತಿರಲಿಲ್ಲ. ಇವರು ಕಟ್ಟೆಯ ಮೇಲೆ ನನ್ನ ಪಕ್ಕದಲ್ಲಿ ಕುಳಿತರು.

“ಹೋದರು,” ಎಂದರು. “ಆ ಗುರುವಾರ ಮನೆಗೆ ಮುಟ್ಟಿದವರು ಮರುದಿನ ಏಳಲಿಲ್ಲ.”

ಸತ್ತವರಿಗೆ ಹ್ಯಾಗೆ ಹಸಿರು ಸೀರೆ ಉಡಿಸಿದಿರಿ, ನಿಮಗೆ ನಾಚಿಕೆ ಇಲ್ಲವಾ ಎಂದು ಕೇಳಿದೆ. ಆಗ ಇವರು ಹೇಳಿದ್ದನ್ನು ನಾನು ಇಂದಿಗೂ ಪೂರ್ತಿ ನುಂಗಿಲ್ಲ.

“ಹಾಗೆ ಮಾಡಿ ಅಂತ ಹೇಳಿದ್ದು ಟೀಚರೇ. ನಂಗೂ ಸಿಸ್ಟರಿಗೂ. ಮೋನಾಕ ಹೋದಾಗ ನೀನು ಮಾಡಿದ್ದು ನೋಡಿದ್ದಾರಲ್ಲ. ‘ನಾನು ಹೋದ್ರೆ ಇವಳು ಮತ್ತೆ ಮಲಗ್ತಾಳೆ, ನಾಲ್ಕು ವಾರ ದಾಟಿಸಿ, ಆಮೇಲೆ ಹೇಳಿ’ ಅಂದ್ರು. ನಾಳೆ ಶುಕ್ರವಾರಕ್ಕೆ ನಾಲ್ಕು ವಾರ ಅಂತ ಇದ್ದೆ.”

ನಾಳೆ ಬುಧವಾರ. ಲೆಕ್ಕವೂ ತಪ್ಪಿತ್ತು ಇವರಿಗೆ, ಪಾಪ.

ಎಲ್ಲರ ಮಾತೂ ನೀರಾಗಿದ್ದಾಗ ಗಟ್ಟಿ ಇದ್ದದ್ದು ಟೀಚರ ಮಾತೊಂದೇ ಎಂದುಕೊಂಡಿದ್ದೆ. ಅದರಲ್ಲೂ ನೀರಿತ್ತು. ಹೂಂ ಎನ್ನುವಾಗ ಅವರು ನನ್ನ ಮುಖ ನೋಡಿರಲಿಲ್ಲ, ಕನ್ನಡಕ ಒರೆಸುತ್ತಿದ್ದರು. ಅಷ್ಟು ವರ್ಷ ಹಾಲು ಅಳೆದವಳಿಗೆ ಅದು ಕಾಣಲಿಲ್ಲ. ಕೊನೆಯ ಸಲ ಅವರ ಮುಖ ನೋಡಲಾಗಲಿಲ್ಲ, ಮಣ್ಣಿಗೂ ಹೋಗಲಾಗಲಿಲ್ಲ, ನಾಲ್ಕನೇ ಮಂಚದ ಹೊಸಬರ ಹತ್ತಿರ ನಾನು ಟೀಚರಿಗೆ ಜಾಗ ಸಿಕ್ಕಿದ ಸಂತೋಷದ ಸುದ್ದಿ ಬೇರೆ ಹೇಳಿದ್ದೆ.

ಮುಂದಿನ ಬಸ್ಸು ಬಂದಾಗ ನಾನು ಹತ್ತಿದೆ. ಸಮಾಧಾನದಿಂದ ಹತ್ತಿದ್ದಲ್ಲ. ಜಗಳ ಬೇಕಾದರೆ ಇಲ್ಲಿ ಬಂದು ಮಾಡಿ ಎಂದು ಅವರೇ ಹೇಳಿದ್ದರು, ಅದಕ್ಕೆ. ಸೂಜಿ ಚುಚ್ಚಿದ ಮೇಲೆ ನೋಟುಪುಸ್ತಕ ತೆರೆದೆ. ಪಿಸುಗುಟ್ಟುವವರ ಆ ಮೊದಲ ದೂರಿನಲ್ಲಿಯೇ ಇನ್ನೊಂದು ಮಾತು ಇದೆ, ನನ್ನ ಜೊತೆ ಉಂಡ, ನಾನು ನಂಬಿದ ಸ್ನೇಹಿತನೇ ನನಗೆ ಹೀಗೆ ಮಾಡಿದ ಎಂದು. ಅದನ್ನು ನಾಲ್ಕನೇ ಮಂಚದ ಕಡೆ ತಿರುಗಿ ಗಟ್ಟಿಯಾಗಿ ಓದಿದೆ. ಹೊಸಬರು ಗಾಬರಿಯಿಂದ ಗೋಡೆಗೆ ಮುಖ ಮಾಡಿದರು. ನಾನೂ ಒಂದು ಕಾಲದಲ್ಲಿ ಹಾಗೆಯೇ ಮಾಡಿದ್ದೆ.

ಅದಾಗಿ ವರ್ಷ ಕಳೆಯಿತು. ನಾನು ಒಂದು ಸರದಿಯನ್ನೂ ತಪ್ಪಿಸಿಲ್ಲ. ಟೀಚರ್ ಲೆಕ್ಕ ಹಾಕಿದ್ದು ಸರಿಯಾಗಿತ್ತು ಎನ್ನುವುದೇ ನನ್ನ ಸಿಟ್ಟು. ಸೊಸೈಟಿಗೆ ವಾರದಲ್ಲಿ ಮೂರು ದಿನ ಹೋಗುತ್ತೇನೆ. ದೇವಕಿಯಕ್ಕನ ಹಾಲು ಈಗ ಸರಿ ಇರುತ್ತದೆ. ಸರಿ ಇಲ್ಲದ ದಿನ ಅವರೇ ಕ್ಯಾನ್ ತರುವುದಿಲ್ಲ. ಹೊಸದಾಗಿ ಮಂಚಕ್ಕೆ ಬಂದವರಿಗೆ ನಾನು ಹೇಳುವುದು ಎರಡೇ ಮಾತು: ಬೊಂಡ ತಂದವರನ್ನು ಬೈಯಬೇಡಿ, ಅವರಿಗೆ ಗೊತ್ತಿಲ್ಲ. ದೇವರ ಮೇಲೆ ಸಿಟ್ಟು ಬಂದರೆ ಮನೆಯಲ್ಲಿ ಮಲಗಬೇಡಿ, ಇಲ್ಲಿ ಬಂದು ಹೇಳಿ.

ಕಳೆದ ತಿಂಗಳು ಇವರ ಜೊತೆ ಮೂಡಬಿದ್ರೆಗೆ ಹೋಗಿ ಟೀಚರ ಸಮಾಧಿಯ ಹತ್ತಿರ ನಿಂತೆ. ದೈವದ ಎದುರು ನಿಲ್ಲುವ ಹಾಗೆ ಚಪ್ಪಲಿ ಕಳಚಿ ನಿಂತು, ನಿಮ್ಮನ್ನು ನಂಬಿದ್ದೆ, ನೀವು ಹೀಗೆ ಮಾಡಿದಿರಲ್ಲ ಎಂದು ದೂರನ್ನು ಪೂರ್ತಿ ಹೇಳಿದೆ. ಕೊನೆಗೆ ಏನಾದರೂ ಹರಕೆ ಹೇಳಿಕೊಳ್ಳೋಣವೆಂದು ಕಾದೆ. ಮಾತು ಬರಲಿಲ್ಲ. ಇವರು ಗೇಟಿನ ಹತ್ತಿರ ನಿಂತು, ಬಸ್ಸಿಗೆ ಹೊತ್ತಾಯಿತು, ಹೋಗುವ ಎಂದರು.

ನೋಟುಪುಸ್ತಕದ ಉಳಿದ ಎಲ್ಲ ಪುಟಗಳಲ್ಲೂ ಕೆಂಪು ಗುರುತುಗಳಿವೆ. ಹರಕೆಯಿಲ್ಲದ ದೂರು ಬರೆದ ಕೊನೆಯ ಪುಟದಲ್ಲಿ ದುಃಖ ಎಂಬ ಪದ ಎರಡು ಕಡೆ ಬರುತ್ತದೆ. ಎರಡು ಕಡೆಯೂ ಚುಕ್ಕೆ ಇಟ್ಟಿದ್ದೇನೆ. ಬೇರೆ ತಪ್ಪುಗಳು ಎಲ್ಲೆಲ್ಲಿ ಇವೆಯೋ ನನಗೆ ಗೊತ್ತಿಲ್ಲ. ಆ ಪುಟವನ್ನು ತಿದ್ದಿ ಆಗಿಲ್ಲ.